ಅಂಗಮಾರಿಯೂ ಎಂ.ಎಸ್ಸಿ.ಯೂ

ಚಿಕ್ಕಪ್ಪನ ಮಗಳು ಅರಕಲಗೂಡಿನಿಂದ ಫೋನ್ ಮಾಡಿದ್ದಳು. ಬಿ.ಎಸ್ಸಿ. ಮುಗಿದಿದೆ, ಪರಿಸರ ವಿಜ್ಞಾನದಲ್ಲಿ ಎಂ.ಎಸ್ಸಿ. ಮಾಡ್ಬೇಕಂತೆ. "ಅಣ್ಣ, ಅಪ್ಪಂಗೆ ನೀನೇ ಹೇಳು. ಗಿಡ ನೆಡೋಕೆ ಡಿಗ್ರಿ ಯಾಕೆ ಅಂತಾರೆ."

ನಗು ಬಂತು. ಇಂಜಿನಿಯರಿಂಗ್‌ನಲ್ಲಿ ನಮಗೂ ಪರಿಸರ ಅಧ್ಯಯನ ಅಂತ ಒಂದು ಪೇಪರ್ ಇತ್ತು. ಎಂ.ಸಿ. ಮೆಹ್ತಾ ಪ್ರಕರಣದಲ್ಲಿ 1991ರಲ್ಲಿ ಸುಪ್ರೀಂ ಕೋರ್ಟ್ ಕೊಟ್ಟ ಆದೇಶದ ಫಲ ಅದು. ಹಿಂದಿನ ರಾತ್ರಿ ಓದಿ ಪಾಸಾದವರಲ್ಲಿ ನಾನೂ ಒಬ್ಬ. ಓಜೋನ್ ಪದರ ಬಿಟ್ರೆ ಬೇರೇನೂ ನೆನಪಿಲ್ಲ.

ಚಿಕ್ಕಪ್ಪನ ಹತ್ತಿರ ಮಾತಾಡೋ ಮೊದಲು ಅವರ ಹೊಲ ಕಣ್ಮುಂದೆ ಬಂತು. ನಾವು ಚಿಕ್ಕವರಿದ್ದಾಗ ಮೇ ತಿಂಗಳು ಅಂದ್ರೆ ಹಾಸನದ ಎಪಿಎಂಸಿಯಲ್ಲಿ ಜಲಂಧರ್‌ನಿಂದ ಬಂದ ಬಿತ್ತನೆ ಆಲೂಗಡ್ಡೆ ಮೂಟೆಗಳ ಕಾಲ. ರೋಹಿಣಿ ಮಳೆ ನೋಡ್ಕೊಂಡು ಬಿತ್ತೋದು. ಉತ್ತರ ಭಾರತದಲ್ಲಿ ಆಲೂಗಡ್ಡೆ ಚಳಿಗಾಲದ ಬೆಳೆ. ನಮ್ಮಲ್ಲಿ ಮುಂಗಾರಿನ ಬೆಳೆ, ಮಳೆಯನ್ನೇ ನಂಬಿದ ಬೆಳೆ. ಕಷ್ಟ ಇರೋದೂ ಅಲ್ಲೇ. ಮೋಡ ಮುಚ್ಚಿ, ಜಿಟಿಜಿಟಿ ಮಳೆ ಹಿಡಿದು, ಎಲೆ ಆರದೇ ಇದ್ರೆ ಅಂಗಮಾರಿ ಬಂತು ಅಂತಲೇ ಲೆಕ್ಕ. 1845ರಲ್ಲಿ ಶುರುವಾದ ಐರ್ಲೆಂಡ್ ಕ್ಷಾಮಕ್ಕೆ ಕಾರಣವಾದದ್ದೂ ಇದೇ ರೋಗ. ಹಸಿರಾಗಿದ್ದ ಹೊಲ ಕೆಲವೇ ದಿನದಲ್ಲಿ ಸುಟ್ಟಂತಾಗುತ್ತೆ. ಮಳೆ ತಡವಾದ್ರೆ ಇನ್ನೊಂದು ಗೋಳು, ತಂದಿಟ್ಟ ಬಿತ್ತನೆಗಡ್ಡೆ ಮನೆಯಲ್ಲೇ ಕೊಳೆಯೋಕೆ ಶುರು. ಎರಡು ವರ್ಷ ಸತತ ಕಳ್ಕೊಂಡ ಮೇಲೆ ಚಿಕ್ಕಪ್ಪ ಮುಸುಕಿನ ಜೋಳಕ್ಕೆ, ಆಮೇಲೆ ಶುಂಠಿಗೆ ಹೋದ್ರು.

ಮಳೆ ಮೊದಲಿನ ಹಾಗಿಲ್ಲ ಅಂತ ಊರಲ್ಲಿ ಎಲ್ಲರೂ ಹೇಳ್ತಾರೆ. ಆದರೆ ಒಂದೆರಡು ವರ್ಷದ ಅನುಭವ ಹವಾಮಾನ ಆಗಲ್ಲ, ಅದಕ್ಕೆ 30 ವರ್ಷದ ಲೆಕ್ಕ ನೋಡ್ಬೇಕು. ಯಾವ ವಾರ ಎಷ್ಟು ಮಳೆ, ಎಲೆ ಎಷ್ಟು ಗಂಟೆ ಒದ್ದೆ ಇತ್ತು, ಇದನ್ನೆಲ್ಲ ಅಳೆದು ಕೂಡಿಸೋರು ಬೇಕು. ಅವಳು ಓದ್ಬೇಕು ಅಂತಿರೋದು ಇದನ್ನೇ ಅಲ್ವಾ?

ಪ್ರಶ್ನೆಗಳಿಗೇನು ಬರ. ರಾಮನಾಥಪುರದ ಸುತ್ತ ಹೊಗೆಸೊಪ್ಪು ಹದ ಮಾಡೋ ಬ್ಯಾರನ್‌ಗಳಿಗೆ ಸೌದೆ ಎಲ್ಲಿಂದ ಬರುತ್ತೆ? ಹೊಳೆನರಸೀಪುರದ ಗದ್ದೆಗೆ ಸುರಿಯೋ ಗೊಬ್ಬರದಲ್ಲಿ ಹೇಮಾವತಿ ಪಾಲಾಗೋದೆಷ್ಟು? ಸಕಲೇಶಪುರ ಮಲೆನಾಡು, ಚನ್ನರಾಯಪಟ್ಟಣ ಬಯಲುಸೀಮೆ, ಎರಡೂ ಒಂದೇ ಜಿಲ್ಲೆ. ಬರ ಬಿದ್ದ ವರ್ಷ ಅಲ್ಲಿನ ತೆಂಗು ಉಳಿಯೋಕೆ ಕೆರೆಯಲ್ಲಿ ಎಷ್ಟು ನೀರಿರಬೇಕು?

ಚಿಕ್ಕಪ್ಪ ಕೇಳಿದ್ದು ಮಾತ್ರ ಒಂದೇ. "ಕೆಲಸ ಸಿಗುತ್ತೇನಪ್ಪಾ?"

ಸುಳ್ಳು ಹೇಳಲಿಲ್ಲ. ಶುರುವಿನಲ್ಲಿ ನನ್ನಷ್ಟು ಸಂಬಳ ಬರೋದು ಕಷ್ಟ ಅಂದೆ. ಆದರೆ 2006ರ ಅಧಿಸೂಚನೆ ಪ್ರಕಾರ ಗಣಿ, ಅಣೆಕಟ್ಟೆಯಂಥ ದೊಡ್ಡ ಯೋಜನೆಗಳಿಗೆ ಪರಿಸರ ಅನುಮತಿ ಬೇಕು, ಅದಕ್ಕೆ ಅಧ್ಯಯನ ಆಗಬೇಕು. ಷೇರುಪೇಟೆಯ ಮೊದಲ 1000 ಕಂಪನಿಗಳು ಸುಸ್ಥಿರತೆಯ ವರದಿ ಕೊಡೋದನ್ನ ಸೆಬಿ 2022–23ರಿಂದ ಕಡ್ಡಾಯ ಮಾಡಿದೆ. ಪಾಠ ಮಾಡ್ತೀನಿ ಅಂದ್ರೆ ನೆಟ್ ಪರೀಕ್ಷೆಯಲ್ಲೂ ಈ ವಿಷಯ ಇದೆ. ಕೋರ್ಸ್ ಮೈಸೂರಿನ ಮಾನಸಗಂಗೋತ್ರಿಯಲ್ಲೇ ಇರೋದ್ರಿಂದ ಶನಿವಾರ ಬಸ್ ಹತ್ತಿದ್ರೆ ಮನೆಗೆ ಬರ್ತಾಳೆ. (ಅವಳಿಗೆ ಬೇರೆಯಾಗಿ ಹೇಳಿದ್ದು: ಮೊದಲ ಸೆಮಿಸ್ಟರ್‌ನಲ್ಲೇ ಅಂಕಿಅಂಶ ಶಾಸ್ತ್ರ, ಸ್ವಲ್ಪ ಪೈಥಾನ್ ಕಲಿ. ಪೈಥಾನ್‌ಗೆ ನಾನಿದ್ದೀನಿ.)

ಚಿಕ್ಕಪ್ಪ ಸ್ವಲ್ಪ ಹೊತ್ತು ಸುಮ್ಮನಿದ್ರು. "ಮತ್ತೆ ಆಲೂಗಡ್ಡೆ ಹಾಕ್ಬಹುದಾ ಅಂತ ಅವಳು ಹೇಳ್ತಾಳಾ?"

"ಗೊತ್ತಿಲ್ಲ ಚಿಕ್ಕಪ್ಪ. ಹಾಕ್ಬೇಡಿ ಅಂತಲೂ ಹೇಳಬಹುದು."

"ಅದನ್ನಾದ್ರೂ ಯಾರೋ ಒಬ್ರು ಹೇಳ್ಬೇಕಲ್ಲ," ಅಂದ್ರು. ಆಮೇಲೆ ಫೀಸು ಎಷ್ಟು ಅಂತ ಕೇಳಿದ್ರು.