ಹುಳುಕಡ್ಡಿ ಮತ್ತು ಮೆಡಿಕಲ್ ಶಾಪಿನ ಟ್ಯೂಬು

ಹುಳುಕಡ್ಡಿ ಶಿಲೀಂಧ್ರದಿಂದ ಬರುವ ಸೋಂಕು. ಬೆವರು ಆರದ ತೊಡೆಸಂದು, ಕಂಕುಳು, ಸೊಂಟದ ಸುತ್ತ ಅದು ಬೇಗ ಬೇರೂರುತ್ತದೆ. ದಾವಣಗೆರೆಯ ಮಂಡಕ್ಕಿ ಭಟ್ಟಿಗಳಲ್ಲಿ ಬೆಂಕಿಯೆದುರು ದುಡಿಯುವವರಿಗೆ, ಬಿಗಿ ಜೀನ್ಸ್ ತೊಟ್ಟು ಬಿಸಿಲಲ್ಲಿ ಬೈಕ್ ಓಡಿಸುವ ಹುಡುಗರಿಗೆ ಇದರ ಪರಿಚಯ ಮಾಡಿಕೊಡಬೇಕಿಲ್ಲ.

ರೋಗಕ್ಕಿಂತ ಹೆಚ್ಚು ಕಾಡುತ್ತಿರುವುದು ಅದಕ್ಕೆ ಹಚ್ಚುವ ಮುಲಾಮು. ಚೀಟಿಯಿಲ್ಲದೆ ಮೆಡಿಕಲ್ ಶಾಪಿನಲ್ಲಿ ಕೊಳ್ಳುವ ಟ್ಯೂಬಿನಲ್ಲಿ ಶಿಲೀಂಧ್ರದ ಔಷಧದ ಜೊತೆ ಕ್ಲೊಬೆಟಾಸೋಲ್‌ನಂಥ ಪ್ರಬಲ ಸ್ಟೀರಾಯ್ಡ್ ಬೆರೆತಿರುವುದುಂಟು. ಎರಡೇ ದಿನಕ್ಕೆ ತುರಿಕೆ, ಕೆಂಪು ಇಳಿಯುತ್ತವೆ. ವಾಸಿಯಾಯಿತೆಂದು ಹಚ್ಚುವುದು ನಿಲ್ಲುತ್ತದೆ. ಆದರೆ ಸ್ಟೀರಾಯ್ಡ್ ಅಡಗಿಸಿದ್ದು ಚರ್ಮದ ಪ್ರತಿರೋಧವನ್ನು, ಶಿಲೀಂಧ್ರವನ್ನಲ್ಲ. ನಿಲ್ಲಿಸಿದೊಡನೆ ಕಲೆ ಮೊದಲಿಗಿಂತ ಅಗಲವಾಗಿ, ಉಂಗುರದೊಳಗೊಂದು ಉಂಗುರವಾಗಿ ಮೇಲೇಳುತ್ತದೆ. ತಿಂಗಳುಗಟ್ಟಲೆ ಹಚ್ಚಿದವರ ತೊಡೆಯ ಚರ್ಮ ತೆಳುವಾಗಿ ಬಿರುಕಿನಂಥ ಗೆರೆಗಳು ಮೂಡುತ್ತವೆ. ಆ ಗೆರೆಗಳು ಅಳಿಯುವುದಿಲ್ಲ. ಕೇಂದ್ರ ಸರ್ಕಾರ 2018ರಲ್ಲಿ ಚರ್ಮಕ್ಕೆ ಹಚ್ಚುವ ಹಲವು ಸ್ಟೀರಾಯ್ಡ್‌ಗಳನ್ನು ವೈದ್ಯರ ಚೀಟಿಯಿಲ್ಲದೆ ಮಾರಕೂಡದೆಂದು ಆದೇಶಿಸಿತು. ಕಾಗದದ ಮೇಲೆ ಅದು ಒಳ್ಳೆಯ ಆದೇಶವೇ.

ಈ ನಡುವೆ ಶಿಲೀಂಧ್ರವೂ ಬದಲಾಗಿದೆ. 2020ರಲ್ಲಿ ಟ್ರೈಕೊಫೈಟಾನ್ ಇಂಡೋಟಿನಿಯೆ ಎಂದು ಹೆಸರು ಪಡೆದ, ಭಾರತದಲ್ಲಿ ವ್ಯಾಪಕವಾಗಿ ಹಬ್ಬಿರುವ ಬಗೆ ಎಷ್ಟೋ ಸಲ ಟರ್ಬಿನಾಫಿನ್ ಎಂಬ ಶಿಲೀಂಧ್ರನಾಶಕ ಮಾತ್ರೆಗೂ ಬಗ್ಗುವುದಿಲ್ಲ. ಹಾಗಾಗಿ ಪರೀಕ್ಷೆ ಮುಖ್ಯ. ಕಲೆಯ ಅಂಚಿನಿಂದ ಹೊಟ್ಟು ಕೆರೆದು, ಗಾಜಿನ ಪಟ್ಟಿಯ ಮೇಲೆ ಪೊಟ್ಯಾಸಿಯಂ ಹೈಡ್ರಾಕ್ಸೈಡ್ ಹನಿಸಿ ಸೂಕ್ಷ್ಮದರ್ಶಕದಲ್ಲಿ ನೋಡಿದರೆ ಕವಲೊಡೆದ ಎಳೆಗಳು ಕಾಣುತ್ತವೆ. ಇದಕ್ಕೆ ಬೇಕಾಗುವುದು ಕೆಲವೇ ನಿಮಿಷ. ದಾವಣಗೆರೆ ಚಿಗಟೇರಿ ಜಿಲ್ಲಾಸ್ಪತ್ರೆ, 1965ರಲ್ಲಿ ಆರಂಭವಾದ ಜೆಜೆಎಂ ವೈದ್ಯಕೀಯ ಕಾಲೇಜು ಇರುವ ಊರು. ಹರಿಹರದವರಿಗೂ ಬಸ್ಸಿನಲ್ಲಿ ದೂರವೇನಲ್ಲ. ಔಷಧಿಯನ್ನು ವಾರಗಟ್ಟಲೆ, ಕಲೆ ಮಾಯವಾದ ಮೇಲೂ ವೈದ್ಯರು ಹೇಳುವವರೆಗೆ ಬಿಡದೆ ಬಳಸಬೇಕು. ಮನೆಯಲ್ಲಿ ಯಾರಿಗೆಲ್ಲ ಇದೆಯೋ ಅವರೆಲ್ಲರಿಗೂ ಒಟ್ಟಿಗೇ ಚಿಕಿತ್ಸೆ ನಡೆಯಬೇಕು, ಟವೆಲ್ಲು ಬೇರೆಬೇರೆ ಇರಬೇಕು. ಇಲ್ಲದಿದ್ದರೆ ಗಂಡನಿಂದ ಹೆಂಡತಿಗೆ, ಅವಳಿಂದ ಮಗುವಿಗೆ ಅದು ಸುತ್ತುತ್ತಲೇ ಇರುತ್ತದೆ.

ಉಗುರಿಗೆ ಹತ್ತಿದರೆ ಇನ್ನಷ್ಟು ತಾಳ್ಮೆ ಬೇಕು. ಕಾಲಿನ ಹೆಬ್ಬೆರಳ ಉಗುರು ಪೂರ್ತಿ ಹೊಸದಾಗಲು ವರ್ಷ, ಒಂದೂವರೆ ವರ್ಷ ಹಿಡಿಯುತ್ತದೆ. ಭದ್ರಾ ನಾಲೆಯ ನೀರಿನ ಗದ್ದೆಗಳಲ್ಲಿ ನಾಟಿ ಮಾಡುವ, ದಿನವಿಡೀ ಪಾತ್ರೆ ತಿಕ್ಕುವ ಹೆಂಗಸರಿಗೆ ಬರುವ ಉಗುರುಸುತ್ತಿಗೆ ಕೈ ಒಣಗಿರುವುದೇ ಅರ್ಧ ಮದ್ದು. ಮಕ್ಕಳ ತಲೆಯ ಹುಳುಕಡ್ಡಿ ಮುಲಾಮಿಗೆ ಜಗ್ಗದು. ಕೂದಲ ಬುಡಕ್ಕಿಳಿದ ಸೋಂಕಿಗೆ ಮಾತ್ರೆಯೇ ಬೇಕು. ಕೂದಲು ಉದುರುವುದೆಲ್ಲ ಹುಳುಕಡ್ಡಿಯಲ್ಲ; ಡೆಂಗಿಯಂಥ ಜ್ವರ ಬಿಟ್ಟು ಎರಡು ಮೂರು ತಿಂಗಳ ಮೇಲೆ ರಾಶಿ ಉದುರುವ ಕೂದಲು ಸಾಮಾನ್ಯವಾಗಿ ತಾನಾಗಿಯೇ ಮರಳುತ್ತದೆ. ದುಬಾರಿ ಎಣ್ಣೆಯ ಕಂಪನಿಗಳು ಆ ಕೀರ್ತಿಯನ್ನು ತಮ್ಮದೆನ್ನುತ್ತವೆ.

ತುರಿಕೆಯಿಲ್ಲದ, ಮುಟ್ಟಿದರೆ ತಿಳಿಯದ ಮಾಸಲು ಮಚ್ಚೆ ಮಾತ್ರ ಇವೆಲ್ಲಕ್ಕಿಂತ ಬೇರೆ. ಅದು ಕುಷ್ಠದ ಸುಳಿವಿರಬಹುದು. ಅದರ ಬಹು ಔಷಧ ಚಿಕಿತ್ಸೆ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ. ರೋಗದ ಬಗೆ ನೋಡಿ 6 ಅಥವಾ 12 ತಿಂಗಳು ನಡೆಯುತ್ತದೆ.