ಇಲ್ಲದ ಪ್ರಾಣಿಯ ವಿಳಾಸ

ನಮ್ಮ ಕರ್ನಾಟಕ ಸರ್ಕಾರದ ಯಾವುದಾದ್ರೂ ಕಾಗದ ತೆಗೆದು ಅದರ ಲಾಂಛನ ನೋಡಿ. ಮಧ್ಯದಲ್ಲಿ ಎರಡು ತಲೆಯ ಹಕ್ಕಿ ಇರುತ್ತೆ. ಗಂಡಭೇರುಂಡ. ಕೆಎಸ್ಸಾರ್ಟಿಸಿ ಲಾಂಛನದಲ್ಲೂ ಅದೇ. ಯಾವ ಕಾಡಲ್ಲೂ, ಯಾವ ಝೂನಲ್ಲೂ ಸಿಗದ ಹಕ್ಕಿ ಇದು. ಆದರೂ ಬಳ್ಳಿಗಾವೆಯಲ್ಲಿ ೧೦೪೭ರಲ್ಲೇ ಇದಕ್ಕೊಂದು ಕಂಬ ನಿಲ್ಲಿಸಿದ್ರು, ವಿಜಯನಗರದ ಅಚ್ಯುತರಾಯ ನಾಣ್ಯದ ಮೇಲೆ ಹಾಕಿಸಿದ, ಮೈಸೂರಿನ ಒಡೆಯರು ರಾಜಲಾಂಛನ ಮಾಡ್ಕೊಂಡ್ರು. ನಾನೀಗ ಇರೋ ಸ್ಕಾಟ್ಲೆಂಡಿನವರೂ ಈ ವಿಷಯದಲ್ಲಿ ನಮ್ಮವರೇ. ಇವರ ರಾಷ್ಟ್ರಪ್ರಾಣಿ ಯೂನಿಕಾರ್ನ್, ಅಂದ್ರೆ ಹಣೆ ಮೇಲೆ ಒಂದೇ ಕೊಂಬಿರೋ ಕುದುರೆ!

ಹಾಗಾದ್ರೆ ಇವು ಇವೆಯೋ, ಇಲ್ಲವೋ?

ನಮ್ಮ ಟೀಮಿನಲ್ಲಿ ಹುಬ್ಬಳ್ಳಿಯ ಗೆಳೆಯನೊಬ್ಬ ಇದ್ದಾನೆ. ಅವನ ಪ್ರಕಾರ ಇದು ಪ್ರಶ್ನೆಯೇ ಅಲ್ಲ. "ಸಾವಿರ ಮಂದಿ ನಂಬಿದ್ರ ಅದು ಖರೇನ ಅಲ್ಲೇನಲೇ? ರೊಕ್ಕ ಏನೈತಿ? ಬರೀ ಕಾಗದ. ಎಲ್ಲಾರೂ ನಂಬ್ಯಾರ ಅಂತ ನಡೀತೈತಿ." ಕೇಳೋಕೆ ಜೋರಾಗಿದೆ ವಾದ. ತಳ್ಳಿಹಾಕೋದು ಅಷ್ಟು ಸುಲಭ ಅಲ್ಲ. ಹಾಗಾಗಿ ಇಲ್ಲಿನ ಅತಿ ಪ್ರಸಿದ್ಧ "ಇಲ್ಲದ ಪ್ರಾಣಿ"ಯ ಮೇಲೆ ಅದನ್ನ ಪರೀಕ್ಷೆ ಮಾಡಿ ನೋಡೋಣ.

ಲಾಕ್ ನೆಸ್ ಅನ್ನೋದು ಸುಮಾರು ೩೭ ಕಿಲೋಮೀಟರ್ ಉದ್ದದ ಸರೋವರ. ನೀರು ಕಪ್ಪು, ಆಳ ೨೦೦ ಮೀಟರಿಗಿಂತ ಜಾಸ್ತಿ. ೧೯೩೩ರ ಮೇ ತಿಂಗಳಲ್ಲಿ ಇನ್ವರ್ನೆಸ್ ಕೊರಿಯರ್ ಪತ್ರಿಕೆಯಲ್ಲಿ, ನೀರಲ್ಲಿ ದೊಡ್ಡ ಪ್ರಾಣಿಯೊಂದು ಕಾಣಿಸ್ತು ಅಂತ ಸುದ್ದಿ ಬಂತು. ಮರುವರ್ಷ ಡೈಲಿ ಮೇಲ್‌ನಲ್ಲಿ ಉದ್ದ ಕತ್ತಿನ ಫೋಟೋ ಬಂತು. ಅದು ಆಟಿಕೆ ಸಬ್‌ಮರೀನಿಗೆ ಕತ್ತು ಅಂಟಿಸಿ ತೆಗೆದ ಫೋಟೋ ಅಂತ ಊರಿಗೆಲ್ಲ ಗೊತ್ತಾಗೋ ಹೊತ್ತಿಗೆ ೧೯೯೪ ಆಗಿತ್ತು. ನಡುವೆ ೧೯೩೮ರಲ್ಲಿ ಇನ್ವರ್ನೆಸ್ ಜಿಲ್ಲೆಯ ಪೊಲೀಸ್ ಮುಖ್ಯಸ್ಥರು ಸರ್ಕಾರಕ್ಕೆ ಪತ್ರ ಬರೆದು, ಲಂಡನ್ನಿನಿಂದ ಬೇಟೆಯವರು ಬರ್ತಿದ್ದಾರೆ, ಈ ಪ್ರಾಣೀನ ಕಾಪಾಡೋ ಅಧಿಕಾರ ನಮಗಿದೆಯೋ ಇಲ್ವೋ ಅನುಮಾನ ಅಂದಿದ್ರು! ಕೊನೆಗೆ ೨೦೧೮ರಲ್ಲಿ ನ್ಯೂಜಿಲೆಂಡಿನ ಒಟಾಗೋ ವಿಶ್ವವಿದ್ಯಾಲಯದ ನೀಲ್ ಜೆಮ್ಮೆಲ್ ತಂಡ ಸರೋವರದ ನೀರಿನ ಮಾದರಿಗಳಲ್ಲಿ ಡಿಎನ್ಎ ಹುಡುಕಿತು. ಸರೀಸೃಪದ ಸುಳಿವೇ ಇಲ್ಲ. ಸಿಕ್ಕಿದ್ದು ರಾಶಿ ರಾಶಿ ಹಾವುಮೀನಿನ ಡಿಎನ್ಎ.

ಅಷ್ಟಾದ್ರೂ ದಡದಲ್ಲಿ ದೋಣಿಗಳು ಓಡ್ತಾನೇ ಇವೆ, ಹಸಿರು ಗೊಂಬೆಗಳು ಮಾರಾಟ ಆಗ್ತಾನೇ ಇವೆ. ದೋಣಿಯವನ ಸಂಪಾದನೆ ನಿಜ. ನನ್ನ ಗೆಳೆಯ ಇಲ್ಲಿವರೆಗೂ ಸರಿ.

ಎಡವೋದು ಮುಂದಿನ ಹೆಜ್ಜೇಲಿ. ನೋಟಿನ ಬೆಲೆ ಅಂದ್ರೆ ಜನರ ಒಪ್ಪಂದ, ಅಷ್ಟೇ. ಅದರಾಚೆಗೆ ಹುಡುಕೋಕೆ ಏನೂ ಇಲ್ಲ. ಎಲ್ಲರೂ ನಂಬೋದು ಬಿಟ್ಟರೆ ಅದು ರದ್ದಿ. ಆದ್ರೆ ಪ್ರಾಣಿ ಹಾಗಲ್ವಲ್ಲ? ಅದು ಉಸಿರಾಡಬೇಕು, ಮೀನು ತಿನ್ನಬೇಕು, ಮರಿ ಹಾಕಬೇಕು. ಆ ಹಾವುಮೀನನ್ನೇ ನೋಡಿ. ಅದರ ಮೇಲೆ ಯಾರಿಗೂ ನಂಬಿಕೆ ಇರಲಿಲ್ಲ, ಗೊಂಬೆಯೂ ಇರಲಿಲ್ಲ. ಆದ್ರೂ ಅದು ಅಲ್ಲೇ ಇತ್ತು.

ನಮ್ಮ ಪ್ರೋಗ್ರಾಮಿಂಗ್ ಭಾಷೆಯಲ್ಲಿ ಪಾಯಿಂಟರ್ ಅಂತ ಒಂದಿದೆ. ಸುಲಭವಾಗಿ ಹೇಳೋದಾದ್ರೆ ಅದೊಂದು ವಿಳಾಸದ ಚೀಟಿ. ಆ ವಿಳಾಸದಲ್ಲಿ ಮನೆಯೇ ಇಲ್ಲದಿದ್ರೂ ಚೀಟಿ ಕೈಯಿಂದ ಕೈಗೆ ದಾಟಬಹುದು, ಏನೂ ತೊಂದರೆ ಆಗಲ್ಲ. ಗಂಡಭೇರುಂಡ, ನೆಸ್ಸಿ ಎಲ್ಲ ಇಂಥ ಚೀಟಿಗಳು. ತೊಂಬತ್ತರ ದಶಕದಲ್ಲಿ ಬೆಂಗಳೂರಿನ ಬಾಗಿಲುಗಳ ಮೇಲೆ "ನಾಳೆ ಬಾ" ಅಂತ ಬರೆದಿದ್ರಲ್ಲ, ಅದೂ ಹಾಗೇ. ರಾತ್ರಿ ಬಂದು ಬಾಗಿಲು ತಟ್ಟೋ ದೆವ್ವ, ಪಾಪ, ಕನ್ನಡ ಓದಿ ವಾಪಸ್ ಹೋಗ್ತಿತ್ತು! ಮಕ್ಕಳು ಹೆದರಿದ್ದು ನಿಜ, ಆದರೆ ಆ ದೆವ್ವಕ್ಕೆ ಯಾರ ಮನೆ ಅಡ್ರೆಸ್ಸೂ ಇರಲಿಲ್ಲ.

ಆ ಚೀಟಿ ಮೇಲೆ ಬದುಕಿರೋ ಒಬ್ಬರ ವಿಳಾಸ ಬಿದ್ದಾಗ ಆಗೋದೇ ಅನಾಹುತ.

ಎಡಿನ್‌ಬರೋ ಕೋಟೆಯ ಮುಂದೆ, ಪ್ರವಾಸಿಗರು ಫೋಟೋ ತೆಗೆಸ್ಕೊಳ್ಳೋ ಜಾಗದ ಪಕ್ಕದಲ್ಲೇ, ಗೋಡೆಯಲ್ಲಿ ಪುಟ್ಟ ಕಾರಂಜಿಯೊಂದಿದೆ. ಮಾಟಗಾತಿಯರು ಅಂತ ಅಲ್ಲಿ ಸುಡಿಸಿಕೊಂಡವರ ನೆನಪಿಗೆ ೧೮೯೪ರಲ್ಲಿ ಇಟ್ಟಿದ್ದು. ಸ್ಕಾಟ್ಲೆಂಡಿನಲ್ಲಿ ೧೫೬೩ರಿಂದ ೧೭೩೬ರವರೆಗೆ ಮಾಟಕ್ಕೆ ಮರಣದಂಡನೆಯ ಕಾನೂನಿತ್ತು. ಆಪಾದನೆಗೆ ಸಿಕ್ಕವರು ಸುಮಾರು ೩,೮೦೦ ಜನ, ಬಹುಪಾಲು ಹೆಂಗಸರು. ರಾಜ ಆರನೇ ಜೇಮ್ಸ್ ಡೆನ್ಮಾರ್ಕಿನಿಂದ ರಾಣಿಯನ್ನ ಕರ್ಕೊಂಡು ಬರುವಾಗ ಸಮುದ್ರದಲ್ಲಿ ಬಿರುಗಾಳಿ ಎದ್ದಿತ್ತು. ಅದನ್ನ ಮಾಟಗಾತಿಯರೇ ಎಬ್ಬಿಸಿದ್ದು ಅಂತ ವಿಚಾರಣೆ ನಡೀತು. ಆಗ್ನೆಸ್ ಸ್ಯಾಂಪ್ಸನ್ ಅನ್ನೋ ಸೂಲಗಿತ್ತಿಗೆ ಚಿತ್ರಹಿಂಸೆ ಕೊಟ್ಟು ಒಪ್ಪಿಸಿ, ೧೫೯೧ರಲ್ಲಿ ಕೊಂದು ಸುಟ್ಟರು.

ಈಗ ನನ್ನ ಗೆಳೆಯನ ವಾದವನ್ನ ಇಲ್ಲಿ ಹಾಕಿ ನೋಡಿ. ರಾಜ ನಂಬಿದ್ದ, ನ್ಯಾಯಾಲಯ ನಂಬಿತ್ತು, ಅಕ್ಕಪಕ್ಕದವರು ನಂಬಿದ್ರು. ನೋವು ತಡೀಲಾರದೆ ಆಕೆಯೂ ಹೌದು ಅಂದಳು. ಎಲ್ಲರ ನಂಬಿಕೆಯೇ ನಿಜವನ್ನ ಮಾಡೋದಾದ್ರೆ, ಆಕೆ ಅವತ್ತು ನಿಜವಾಗ್ಲೂ ಬಿರುಗಾಳಿ ಎಬ್ಬಿಸಿದ ಮಾಟಗಾತಿ, ಶಿಕ್ಷೆಯೂ ನ್ಯಾಯವೇ. ಹಾಗಿದ್ರೆ ೨೦೨೨ರ ಮಾರ್ಚ್ ೮ರಂದು, ಆಗ ಇಲ್ಲಿನ ಫಸ್ಟ್ ಮಿನಿಸ್ಟರ್ ಆಗಿದ್ದ ನಿಕೋಲಾ ಸ್ಟರ್ಜನ್ ಇವರೆಲ್ಲರ ಕ್ಷಮೆ ಕೇಳಿದ್ದಕ್ಕೆ ಅರ್ಥವೇ ಇರಲ್ಲ. ಇಡೀ ಊರು ನಂಬಿದ್ರೂ ಆಕೆ ಮಾಟಗಾತಿ ಆಗಿರಲಿಲ್ಲ ಅನ್ನೋಕೆ ಜಾಗ ಇರಬೇಕು. ಆ ಜಾಗ ಉಳಿಸೋಕಾದ್ರೂ "ನಂಬಿದ್ರೆ ನಿಜ" ಅನ್ನೋ ಮಾತನ್ನ ನಾನು ಒಪ್ಪಲ್ಲ.

ಇದು ಹಳೇ ಕಥೆ, ಬೇರೆಯವರ ಕಥೆ ಅಂತ ಸುಮ್ಮನಾಗೋ ಹಾಗಿಲ್ಲ. ಮಾಟ, ಭಾನಾಮತಿ ಮಾಡ್ತಾರೆ ಅಂತ ಬೆರಳು ತೋರಿಸಿ ಹೊಡೆಯೋದು, ಬೆತ್ತಲೆ ಮೆರವಣಿಗೆ ಮಾಡೋದು ಅಪರಾಧ ಅಂತ ನಮ್ಮ ಕರ್ನಾಟಕದಲ್ಲೂ ೨೦೧೭ರಲ್ಲಿ ಕಾನೂನು ಮಾಡಬೇಕಾಯ್ತು. ಅದು ಜಾರಿಗೆ ಬಂದಿದ್ದು ೨೦೨೦ರಲ್ಲಿ. ಗಮನಿಸಿ, ದೆವ್ವಕ್ಕೆ ಹೆದರಬೇಡಿ ಅಂತ ಆ ಕಾನೂನು ಹೇಳಲ್ಲ. ಪಕ್ಕದ ಮನೆಯ ಅಜ್ಜಿ ಮೇಲೆ ಕೈ ಮಾಡಬೇಡಿ ಅನ್ನುತ್ತೆ.

ಹಾಗಂತ ನಾನೇನು ಕಲ್ಪನೆಗೆ ಶತ್ರು ಅಲ್ಲ ಮಾರಾಯ್ರೆ. ಗಂಡಭೇರುಂಡ ಬಸ್ಸಿನ ಮೇಲೆ ಆರಾಮಾಗಿ ಕೂತಿರಲಿ, ಅಪ್ಪ ಅಮ್ಮ ಇಲ್ಲಿಗೆ ಬಂದಾಗ ಅವರನ್ನೂ ಲಾಕ್ ನೆಸ್‌ಗೆ ಕರ್ಕೊಂಡು ಹೋಗ್ತೀನಿ, ದೋಣಿಯವನಿಗೆ ದುಡ್ಡು ಕೊಟ್ಟು ಎಲ್ಲರ ಜೊತೆ ನೀರನ್ನೇ ದಿಟ್ಟಿಸ್ತೀನಿ. ಯಾರಾದ್ರೂ ಒಬ್ಬ ಮನುಷ್ಯರನ್ನ ತೋರಿಸಿ "ಅದೇ ಇದು" ಅಂದಾಗ ಮಾತ್ರ, ಎಷ್ಟು ಜನ ನಂಬಿದ್ದಾರೆ ಅಂತ ಲೆಕ್ಕ ಹಾಕೋದು ಬಿಟ್ಟು ಪುರಾವೆ ಕೇಳೋಣ.