ಗುಹೆಯ ನೀರಿನಲ್ಲಿ ಡೈವರ್ ಸತ್ತರೆ ‘ಆಕ್ಸಿಜನ್ ಖಾಲಿ’ ಎಂದೇ ಅರ್ಥವೇ?

ನೀರು ತುಂಬಿದ ಗುಹೆಯಲ್ಲಿ ಡೈವರ್ ಒಬ್ಬರು ಸತ್ತ ಸುದ್ದಿ ಬಂದರೆ ಸಾಕು, ‘ಸಿಲಿಂಡರ್‌ನಲ್ಲಿ ಆಕ್ಸಿಜನ್ ಮುಗಿದಿತ್ತಂತೆ’ ಎಂಬ ಮಾತು ಮೊಬೈಲ್‌ನಿಂದ ಮೊಬೈಲ್‌ಗೆ ಹಾರುತ್ತದೆ. ‘ಶವವನ್ನಾದರೂ ತರಬಾರದೇ?’ ಎಂಬ ಕೋಪವೂ ಜೊತೆಗಿರುತ್ತದೆ. ಎರಡಕ್ಕೂ ಉತ್ತರ ಹುಡುಕಲು ನಾವು ದಕ್ಷಿಣ ಆಫ್ರಿಕಾದ ಒಂದು ಘಟನೆಯನ್ನು ನೋಡೋಣ.

ನಡೆದದ್ದೇನು?

ಅಲ್ಲಿನ ನಾರ್ದರ್ನ್ ಕೇಪ್ ಪ್ರಾಂತ್ಯದಲ್ಲಿ ಬುಷ್‌ಮನ್ಸ್ ಹೋಲ್ ಎಂಬ ನೀರು ತುಂಬಿದ ಆಳವಾದ ಗುಹೆಯಿದೆ. 1994ರ ಡಿಸೆಂಬರ್‌ನಲ್ಲಿ 20 ವರ್ಷದ ಯುವಕನೊಬ್ಬ ಅಲ್ಲಿ ಮುಳುಗಿ ಸತ್ತ. ಶವ ಸಿಗಲಿಲ್ಲ. 2004ರ ಅಕ್ಟೋಬರ್‌ನಲ್ಲಿ ಆಸ್ಟ್ರೇಲಿಯಾದ ಡೈವರ್ ಡೇವ್ ಶಾ ಸುಮಾರು 270 ಮೀಟರ್ ಆಳದಲ್ಲಿ ಅದನ್ನು ಕಂಡರು. ಹೆತ್ತವರಿಗೆ ಮಗನನ್ನು ತಂದುಕೊಡಲೆಂದು 2005ರ ಜನವರಿ 8ರಂದು ಮತ್ತೆ ಇಳಿದ ಅವರು ಮೇಲೆ ಬರಲಿಲ್ಲ.

ಸಾವಿಗೆ ಕಾರಣ?

ಅವರ ಹೆಲ್ಮೆಟ್ ಕ್ಯಾಮೆರಾ ಎಲ್ಲವನ್ನೂ ದಾಖಲಿಸಿತ್ತು. ಕೆಸರಿನಲ್ಲಿ ಹೂತಿದೆ ಎಂದುಕೊಂಡಿದ್ದ ಶವ ಸಡಿಲಗೊಂಡು ತೇಲತೊಡಗಿತು. ಅದನ್ನು ಚೀಲಕ್ಕೆ ಸೇರಿಸಲು ಹೆಣಗುವಾಗ ಹಗ್ಗ ಟಾರ್ಚಿಗೆ ಸಿಕ್ಕಿಕೊಂಡಿತು. ಉಸಿರು ಜೋರಾಯಿತು.

ಇಲ್ಲೇ ಅಪಾಯವಿರುವುದು. ಪ್ರತಿ 10 ಮೀಟರ್ ಆಳಕ್ಕೆ ಒತ್ತಡ ಸುಮಾರು ಒಂದು ವಾತಾವರಣದಷ್ಟು ಏರುತ್ತದೆ. 270 ಮೀಟರ್‌ನಲ್ಲಿ ಅದು ಮೇಲಿನದಕ್ಕಿಂತ ಸುಮಾರು 28 ಪಟ್ಟು. ಹಗುರವಾದ ಹೀಲಿಯಂ ಬೆರೆಸಿದರೂ ಅಲ್ಲಿ ಉಸಿರಾಡುವ ಅನಿಲ ದಟ್ಟವಾಗುತ್ತದೆ. ಒಳಗೆಳೆದು ಹೊರಬಿಡುವುದೇ ದುಡಿಮೆ. ದೇಹ ದುಡಿದಷ್ಟೂ ಕಾರ್ಬನ್ ಡೈಆಕ್ಸೈಡ್ ಹೆಚ್ಚುತ್ತದೆ. ಶ್ವಾಸಕೋಶ ಅದನ್ನು ಹೊರಹಾಕಲಾರದೆ ಸೋಲುತ್ತದೆ. ಗಲಿಬಿಲಿ, ಏದುಸಿರು, ಕೊನೆಗೆ ಪ್ರಜ್ಞೆ ತಪ್ಪುವುದು. ಉಸಿರು ಕಟ್ಟಿದಂತೆ ಅನಿಸುವುದೂ ಮುಖ್ಯವಾಗಿ ಈ ಅನಿಲದಿಂದಲೇ. ಆಕ್ಸಿಜನ್ ಇದ್ದಾಗಲೂ ಹಾಗಾಗಬಹುದು. ಶಾ ಅವರ ಸಾವಿಗೂ ಇದೇ ಕಾರಣವೆಂದು ದೃಶ್ಯ ನೋಡಿದ ತಜ್ಞರು ತೀರ್ಮಾನಿಸಿದರು.

ತಕ್ಷಣ ಮೇಲೆ ಬರಬಾರದೇ?

ಬರುವಂತಿಲ್ಲ. ಒತ್ತಡದಲ್ಲಿ ರಕ್ತಕ್ಕೆ ಸೇರಿದ ಅನಿಲ, ಬೇಗ ಏರಿದರೆ ಸೋಡಾ ಬಾಟಲಿ ತೆರೆದಂತೆ ಗುಳ್ಳೆಯಾಗುತ್ತದೆ. ಅಂದು ಆಸರೆಗೆಂದು ಇಳಿದಿದ್ದ ಶಾ ಅವರ ಗೆಳೆಯ, ಒಳಕಿವಿಗೆ ಪೆಟ್ಟಾಗಿದ್ದರೂ 12 ಗಂಟೆಗೂ ಹೆಚ್ಚು ಹೊತ್ತು ನೀರಿನಲ್ಲೇ ಇರಬೇಕಾಯಿತು.

ನಾಲ್ಕು ದಿನಗಳ ಬಳಿಕ ತಂಡ ಉಪಕರಣಗಳನ್ನು ಮೇಲೆಳೆಯುವಾಗ ಶಾ ಅವರ ದೇಹವೂ ಬಂತು. ಅವರ ಹಗ್ಗಕ್ಕೆ ಸಿಲುಕಿ ಆ ಯುವಕನ ದೇಹವೂ ಬಂತು.

ನಮ್ಮ ಮಾತು

ಒಂದು ಶವಕ್ಕಾಗಿ ಇನ್ನೊಂದು ಜೀವ ಹೋಯಿತು. 2014ರಲ್ಲಿ ನಾರ್ವೆಯ ಪ್ಲುರಾ ಗುಹೆಯಲ್ಲಿ ಇಬ್ಬರು ಸತ್ತಾಗ ಅಧಿಕಾರಿಗಳು ಶವ ತರುವ ಕೆಲಸ ನಿಲ್ಲಿಸಿದ್ದೂ ಇದೇ ಅಪಾಯಕ್ಕೆ ಹೆದರಿ. ಕೊನೆಗೆ ಸತ್ತವರ ಗೆಳೆಯರೇ ಇಳಿದು ತಂದರು. ಹಾಗಾಗಿ ‘ತಂಡ ಕೈಚೆಲ್ಲಿತು’ ಎಂಬ ಫಾರ್ವರ್ಡ್ ಬಂದರೆ ನೆನಪಿಡಿ: ಇಳಿಯದಿರುವ ನಿರ್ಧಾರವೂ ಕೆಲವೊಮ್ಮೆ ಜೀವ ಉಳಿಸುವ ಕೆಲಸವೇ.